ಬೇಸಿಗೆ ಬಂತು, ಲಾರಿ ಟೈರಿನ ಗಾಳಿ ಇಳಿಸಬೇಕಾ?

ಪ್ರಶ್ನೆ: ನಮ್ಮದು 10 ಚಕ್ರದ ಲಾರಿ. ಹೊಸನಗರ, ತೀರ್ಥಹಳ್ಳಿ ಕಡೆ ಲೋಡ್ ಆಗಿ ಒಮ್ಮೆ ಘಾಟಿ ಇಳಿದು ಕುಂದಾಪುರಕ್ಕೆ, ಇನ್ನೊಮ್ಮೆ ಬೆಂಗಳೂರಿಗೆ ಹೋಗುತ್ತದೆ. ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಒಡೆಯುತ್ತದೆ, ಮಾರ್ಚ್‌ನಿಂದ ಮೇ ತನಕ 10 ಪೌಂಡ್ ಕಡಿಮೆ ಇಡೋಣ ಎಂದು ಡ್ರೈವರ್ ಹೇಳುತ್ತಾರೆ. ಸರಿಯೇ?

ಉತ್ತರ: ಬೇಡ, ಇಳಿಸಬೇಡಿ. ಟೈರ್ ಒಡೆಯದಿರಲಿ ಎಂದು ಮಾಡುವ ಈ ಕೆಲಸವೇ ಟೈರ್ ಒಡೆಸುತ್ತದೆ.

ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಕೇಳಿದವರನ್ನು ನೋಡಿ ನಾನು ನಗುವುದಿಲ್ಲ, ನಾನೂ ಇಳಿಸಿದವನೇ. ಮನೆಯಲ್ಲಿ ಲಾರಿ ಇದ್ದ ಕಾಲದಲ್ಲಿ ಒಂದು ಏಪ್ರಿಲ್‌ನಲ್ಲಿ ಯಾರದೋ ಮಾತು ಕೇಳಿ ಎಲ್ಲ ಚಕ್ರಗಳ ಗಾಳಿ ತೆಗೆಸಿದೆವು. ಮೆಕ್ಕೆಜೋಳ ತುಂಬಿಕೊಂಡು ಹೊರಟ ಗಾಡಿ ಕಡೂರು ದಾಟಿತ್ತು ಅಷ್ಟೇ, ಹಿಂದಿನ ಜೋಡಿ ಚಕ್ರದಲ್ಲಿ ಒಳಬದಿಯ ಟೈರ್ ಹೋಯಿತು. ಅದರ ಭಾರ ಹೊತ್ತ ಪಕ್ಕದ ಟೈರೂ ಉಳಿಯಲಿಲ್ಲ. ಎರಡು ಟೈರಿನ ದುಡ್ಡು, ರಸ್ತೆ ಬದಿಯಲ್ಲಿ ಅರ್ಧ ದಿನ. ಆಗಲೂ ನಾವು ಬೈದದ್ದು ಬಿಸಿಲನ್ನೇ.

ಬಿಸಿಲಿಗೆ ಗಾಳಿ ಹಿಗ್ಗುವುದು ನಿಜ. ಎಷ್ಟು ಎನ್ನುವುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಬೆಳಿಗ್ಗೆ 25 ಡಿಗ್ರಿಯಲ್ಲಿ 110 ಪೌಂಡ್ ಹೊಡೆಸಿದಿರಿ ಅಂದುಕೊಳ್ಳಿ. ಓಡಿ ಓಡಿ ಟೈರಿನೊಳಗಿನ ಗಾಳಿ 60 ಡಿಗ್ರಿಗೆ ಬಂದರೆ ಗೇಜ್ ಸುಮಾರು 125 ತೋರಿಸುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನಬಹುದು. ಆದರೆ ಟೈರ್ ತಯಾರಿಸುವವರಿಗೆ ಇದು ಗೊತ್ತಿರುವ ವಿಷಯವೇ. ಓಡುವಾಗ ಇಷ್ಟು ಏರುತ್ತದೆ ಎಂದು ಮೊದಲೇ ಲೆಕ್ಕ ಹಿಡಿದು, ಟೈರ್ ತಣ್ಣಗಿದ್ದಾಗ ಇಷ್ಟಿರಲಿ ಎಂದು ಅವರು ಹೇಳಿರುತ್ತಾರೆ.

ಈಗ ಮಧ್ಯಾಹ್ನ ಆ 125 ನೋಡಿ ಹೆದರಿ 110ಕ್ಕೆ ಇಳಿಸಿದರೆ ಏನಾಗುತ್ತದೆ? ರಾತ್ರಿ ಟೈರ್ ತಣ್ಣಗಾಗುತ್ತದೆ. ಬೆಳಿಗ್ಗೆ ಗೇಜ್ ಹಿಡಿದರೆ 97. ಲೋಡ್ ಅಷ್ಟೇ ಇದೆ, ಹೊರುವ ಗಾಳಿ ಕಡಿಮೆಯಾಗಿದೆ.

ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಜಾಸ್ತಿ ಬಾಗುತ್ತದೆ. ಅಡಿಕೆ ತೋಟಕ್ಕೆ ಬೇಲಿ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಟಿಂಗ್ ಪ್ಲೇಯರ್ ಸಿಗದಿದ್ದಾಗ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವೆ ಅಲ್ವಾ? ಮುರಿಯುವ ಹೊತ್ತಿಗೆ ಆ ಜಾಗ ಮುಟ್ಟಿದರೆ ಬೆರಳು ಚುರುಕ್ ಅನ್ನುತ್ತದೆ. ಲಾರಿಯ ರೇಡಿಯಲ್ ಟೈರಿನ ಪಕ್ಕೆಯಲ್ಲೂ ಇರುವುದು ಉಕ್ಕಿನ ತಂತಿಯೇ. ಲಾರಿ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ಸುತ್ತುತ್ತದೆ. ಶಿವಮೊಗ್ಗದಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದೊಂದು ತಂತಿಯೂ 90 ಸಾವಿರ ಸಲ ಬಗ್ಗಿರುತ್ತದೆ. ಗಾಳಿ ಸರಿಯಿದ್ದರೆ ಬಗ್ಗುವುದು ಸ್ವಲ್ಪ. ಕಡಿಮೆಯಿದ್ದರೆ ಜಾಸ್ತಿ, ಬಿಸಿಯೂ ಜಾಸ್ತಿ. ರಬ್ಬರ್ ತಂತಿಯಿಂದ ಬಿಡುತ್ತದೆ, ರೀಸೋಲ್ ಟೈರಾದರೆ (ಸವೆದ ಮೇಲೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು) ಮೇಲಿನ ಪಟ್ಟಿ ಎದ್ದು ಬರುತ್ತದೆ. ಇರಬೇಕಾದ ಗಾಳಿಗಿಂತ ಶೇ. 20ರಷ್ಟು ಕಡಿಮೆಯಲ್ಲಿ ಓಡಿದ್ದನ್ನು ಟೈರಿನವರು ಪಂಕ್ಚರಾಗಿ ಓಡಿದ ಟೈರಿನ ಲೆಕ್ಕಕ್ಕೇ ಸೇರಿಸುತ್ತಾರೆ. 110ರ ಟೈರಿಗೆ ಅದು 88.

ಬಿಸಿಲಿನ ಪಾಲು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ರಸ್ತೆ ಕಾದಿದ್ದರೆ ಟೈರಿನ ಬಿಸಿ ಹೊರಗೆ ಹೋಗಲು ಜಾಗವಿರುವುದಿಲ್ಲ. ಮಲೆನಾಡಿನ ನೆರಳಿನಲ್ಲಿ, ತಿರುವು ರಸ್ತೆಯಲ್ಲಿ ನಿಧಾನಕ್ಕೆ ಓಡುವಾಗ ಸುಮ್ನಿದ್ದ ತೊಂದರೆ ಅರಸೀಕೆರೆ, ತಿಪಟೂರು ಕಡೆಯ ಬಯಲಲ್ಲಿ ಒಂದೇ ವೇಗದಲ್ಲಿ ಎರಡು ತಾಸು ಓಡಿದ ಮೇಲೆ ಹೊರಬೀಳುವುದು ಇದಕ್ಕೇ.

ಹಾಗಾದರೆ ಎಷ್ಟಿರಬೇಕು? 110 ಎಂದದ್ದು ಉದಾಹರಣೆಗೆ. ನಿಮ್ಮ ಟೈರಿನ ಅಳತೆಗೆ, ನೀವು ಹಾಕುವ ಲೋಡಿಗೆ ಕಂಪನಿ ಕೊಟ್ಟ ಅಂಕಿಯೇ ಸರಿ, ಬೇಸಿಗೆಗೆ ಬೇರೆ ಅಂಕಿ ಇಲ್ಲ. ಗಾಡಿ ಕನಿಷ್ಠ ಮೂರು ತಾಸು ನಿಂತ ಮೇಲೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ. ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳಿ. ಕ್ಲೀನರ್ ಕಬ್ಬಿಣದ ರಾಡಿನಿಂದ ಟಪಟಪ ಬಡಿದು "ಸರಿಯಿದೆ ಅಣ್ಣಾ" ಅನ್ನುವುದು ಪೂರ್ತಿ ಪಂಕ್ಚರಾದ ಟೈರ್ ಹುಡುಕಲು ಸಾಕು. 90ಕ್ಕೂ 110ಕ್ಕೂ ಶಬ್ದದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೋಡಿಯ ಒಳಬದಿಯ ಟೈರಿನ ವಾಲ್ವ್‌ಗೆ ಕೈ ಹೋಗುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ, ನಮ್ಮದು ಹೋದದ್ದೂ ಅದೇ. ಉದ್ದದ ವಾಲ್ವ್ ಹಾಕಿಸಿದರೆ ಈ ನೆಪ ಇರುವುದಿಲ್ಲ. ಜೋಡಿಯ ನಡುವೆ ಸಿಕ್ಕಿಕೊಂಡ ಕಲ್ಲನ್ನೂ ಆಗಲೇ ತೆಗೆಯಿರಿ.

ನೈಟ್ರೋಜನ್ ಹಾಕಿಸಿದರೆ ಹಿಗ್ಗುವುದಿಲ್ಲ ಎನ್ನುವವರೂ ಇದ್ದಾರೆ. ಸುಮ್ನೆ ಹೊಡೆಸುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಅದೂ ಹೆಚ್ಚುಕಡಿಮೆ ಇಷ್ಟೇ ಹಿಗ್ಗುತ್ತದೆ.

ಘಾಟಿಯ ಮಾತು ಉಳಿಯಿತು. ಆಗುಂಬೆಯ 14 ಹೇರ್‌ಪಿನ್ ತಿರುವು ದೊಡ್ಡ ಲಾರಿಗೆ ಹೇಳಿಸಿದ್ದಲ್ಲ. ಹಾಗಾಗಿ ನಿಮ್ಮ ಗಾಡಿ ಹುಲಿಕಲ್ ಘಾಟಿಯಲ್ಲೇ ಇಳಿಯುತ್ತಿರಬೇಕು. ಅಲ್ಲಿ ಟೈರಿಗೆ ಬಿಸಿ ಬರುವುದು ಬ್ರೇಕ್ ಡ್ರಮ್ಮಿನಿಂದ, ಟೈರ್ ಕೂರುವ ಉಕ್ಕಿನ ಡಿಸ್ಕಿನ ಮೂಲಕ. ಪೂರ್ತಿ ಲೋಡಿನಲ್ಲಿ 28.5 ಟನ್ ತೂಗುವ 10 ಚಕ್ರದ ಗಾಡಿ 500 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖದಲ್ಲಿ 400 ಲೀಟರಿಗೂ ಜಾಸ್ತಿ ತಣ್ಣೀರು ಕುದಿಯಲು ಶುರುವಾಗುತ್ತದೆ. ನಿಮ್ಮ ಬಚ್ಚಲ ಹಂಡೆಯ ಅಳತೆಯಲ್ಲಿ ಎಷ್ಟು ಹಂಡೆ ಆಗುತ್ತದೆ ನೋಡಿ. ಇಂಜಿನ್ನಿಗೆ ಪಾಲು ಕೊಡದೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರಲ್ಲಿ ಬಹುಪಾಲು ಡ್ರಮ್ಮುಗಳೇ ನುಂಗಬೇಕು. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್, ಇಂಜಿನ್ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಆನ್. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಡ್ರೈವರಿಗೆ ನನ್ನ ಗಾಡಿ ನಾನು ಕೊಡುವುದಿಲ್ಲ.

ಕೆಳಗೆ ಹೊಸಂಗಡಿಯಲ್ಲಿ ನಿಲ್ಲಿಸಿದಾಗ ಕಾದ ಡ್ರಮ್ಮಿಗೆ ನೀರು ಎರಚಬೇಡಿ. ಎರಕದ ಕಬ್ಬಿಣ ಅದು, ಬಿರುಕು ಬಿಡುತ್ತದೆ. ಚಹಾ ಕುಡಿಯಲು ಹೋಗುವ ಮುಂಚೆ ಒಂದು ಸುತ್ತು ಬಂದು ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟುವುದು ಬೇಡ. ಒಂದು ಮಾತ್ರ ಕೆಂಡದ ಹಾಗೆ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಖುಷಿಪಡಬೇಡಿ, ಅಲ್ಲಿ ಬ್ರೇಕ್ ಹಿಡಿಯುತ್ತಲೇ ಇಲ್ಲ.