ನ್ಯಾಷನಲ್ ರಿಜಿಸ್ಟರ್‌ನಲ್ಲಿರುವ ಮನೆಯ ಕಿಟಕಿ ಬದಲಿಸಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ 1910ರ ಸುಮಾರಿಗೆ ಕಟ್ಟಿದ ಮರದ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಮನೆ ನ್ಯಾಷನಲ್ ರಿಜಿಸ್ಟರ್‌ನಲ್ಲಿದೆ, ಅಂದರೆ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ ಎಂದು ಏಜೆಂಟರು ಹೆಮ್ಮೆಯಿಂದ ಹೇಳಿದರು. ಇದನ್ನು ಕೇಳಿದ ಸ್ನೇಹಿತರೊಬ್ಬರು, ಹಾಗಿದ್ದರೆ ಆ ಮನೆಯ ಸಹವಾಸವೇ ಬೇಡ, ಒಂದು ಕಿಟಕಿ ಬದಲಿಸಬೇಕಾದರೂ ವಾಷಿಂಗ್ಟನ್‌ನಿಂದ ಅಪ್ಪಣೆ ಬರಬೇಕು ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ.

ಈ ಒಂದು ಪದದ ಉತ್ತರವನ್ನು ನಾನು ಎಷ್ಟು ಸಲ ಕೊಟ್ಟಿದ್ದೇನೆಂಬುದರ ಲೆಕ್ಕ ನನಗೇ ತಪ್ಪಿದೆ. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ಕಾಫಿ ಸಾಲಿನಲ್ಲಿ, ಕಡೆಗೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಇದೇ ಪ್ರಶ್ನೆ ಬಂದಿದೆ. ಪ್ರತಿ ಸಲವೂ ಕೇಳಿದವರು ತಲೆದೂಗಿ, ಮುಂದಿನ ವಾರ ಇನ್ನೊಬ್ಬರಿಗೆ ಹಳೆಯ ಮಾತನ್ನೇ ಹೇಳುತ್ತಾರೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮ್ಮವರಲ್ಲಿ ಈ ನಂಬಿಕೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣವಿಲ್ಲದಿಲ್ಲ. ಹಳೇಬೀಡಿನಲ್ಲೋ ಬಾದಾಮಿಯಲ್ಲೋ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಮಗ್ಗುಲಲ್ಲಿ ಮನೆ ಇರುವ ನೆಂಟರಿದ್ದರೆ, ಅಲ್ಲಿ ಒಂದು ಕೋಣೆ ಏರಿಸುವುದು ಎಂಥ ಕಷ್ಟದ ಕೆಲಸ ಎಂಬುದು ನಿಮಗೆ ಗೊತ್ತೇ ಇರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಸರ್ಕಾರದ ಪಟ್ಟಿಗೆ ಸೇರಿದ ಕಟ್ಟಡವೆಂದರೆ ಕೈ ಹಚ್ಚಬಾರದ ಕಟ್ಟಡ ಎಂಬ ಭಾವನೆಯನ್ನು ನಾವು ಊರಿನಿಂದಲೇ ಕಟ್ಟಿಕೊಂಡು ಬಂದಿರುತ್ತೇವೆ. ಹಾಗೆಂದು ತಪ್ಪು ನಮ್ಮದೊಂದೇ ಅಲ್ಲ. ಬಫಲೋದಲ್ಲೇ ಹುಟ್ಟಿ ಬೆಳೆದವರೂ ಇದನ್ನೇ ನಂಬಿದ್ದಾರೆ.

ಈಗ ರಿಜಿಸ್ಟರ್ ಎಂದರೇನು ಎಂಬುದನ್ನು ನೋಡೋಣ. 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯಿಂದ ಹುಟ್ಟಿದ ಈ ಪಟ್ಟಿಯನ್ನು ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್ ನಡೆಸುತ್ತದೆ. ಕಾಯ್ದೆ ಬಂದ ಕಾಲವನ್ನು ಮರೆತರೆ ಅದರ ಉದ್ದೇಶವೂ ಮರೆತುಹೋಗುತ್ತದೆ. ಆ ದಶಕದಲ್ಲಿ ಅಮೆರಿಕದ ನಗರಗಳನ್ನು ಒಡೆಯುತ್ತಿದ್ದ ಅತಿ ದೊಡ್ಡ ಶಕ್ತಿ ಮನೆಯ ಮಾಲೀಕರಲ್ಲ, ಹೆದ್ದಾರಿಗೂ ನಗರ ನವೀಕರಣಕ್ಕೂ ನೀರಿನಂತೆ ಹರಿಯುತ್ತಿದ್ದ ಸರ್ಕಾರದ ಹಣ. ಬಫಲೋದವರಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಹೆಸರಾಂತ ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ವಿನ್ಯಾಸ ಮಾಡಿದ ಹಂಬೋಲ್ಟ್ ಪಾರ್ಕ್‌ವೇ ಎಂಬ ಸಾಲುಮರಗಳ ವಿಶಾಲ ರಸ್ತೆಯನ್ನು ಅಗೆದು ಕೆನ್ಸಿಂಗ್ಟನ್ ಎಕ್ಸ್‌ಪ್ರೆಸ್‌ವೇ ಮಾಡಿದ್ದು ಅದೇ ಕಾಲದಲ್ಲಿ. ಇಂದಿಗೂ ಆ ಹಳ್ಳದಂಥ ಹೆದ್ದಾರಿಯ ಎರಡು ದಡಗಳಲ್ಲಿ ಒಂದಾನೊಂದು ಕಾಲದ ನೆರೆಹೊರೆಯವರ ಮನೆಗಳು ಮುಖಾಮುಖಿಯಾಗಿ ನಿಂತಿವೆ.

ಆದ್ದರಿಂದ 1966ರ ಕಾಯ್ದೆ ಕಡಿವಾಣ ಹಾಕಿದ್ದು ಕೇಂದ್ರ ಸರ್ಕಾರದ ಬಾಯಿಗೇ. ಕೇಂದ್ರದ ಹಣವೋ ಪರವಾನಗಿಯೋ ಇರುವ ಕಾಮಗಾರಿಯಿಂದ ರಿಜಿಸ್ಟರ್‌ನಲ್ಲಿರುವ ಅಥವಾ ಅದಕ್ಕೆ ಅರ್ಹವಾದ ಸ್ಥಳಕ್ಕೆ ಧಕ್ಕೆಯಾಗುವಂತಿದ್ದರೆ, ಆ ಇಲಾಖೆ ಮೊದಲು ಅದನ್ನು ಪರಿಶೀಲಿಸಬೇಕು, ರಾಜ್ಯದ ಸಂರಕ್ಷಣಾ ಕಚೇರಿಯೊಡನೆ ಸಮಾಲೋಚಿಸಬೇಕು. ಕಾಯ್ದೆಯ 106ನೆಯ ಸೆಕ್ಷನ್ ಹೇಳುವುದು ಇಷ್ಟೇ. ಗಮನಿಸಿ, ಸಮಾಲೋಚನೆ ಮುಗಿದ ಮೇಲೆ ಇಲಾಖೆ ಕಟ್ಟಡವನ್ನು ಕೆಡವುವ ತೀರ್ಮಾನಕ್ಕೇ ಬಂದರೂ ಕಾಯ್ದೆ ಅದನ್ನು ತಡೆಯುವುದಿಲ್ಲ. ಇನ್ನು ನಿಮ್ಮ ಸ್ವಂತ ಹಣದಿಂದ ನಿಮ್ಮ ಸ್ವಂತ ಮನೆಯ ಕಿಟಕಿ ಬದಲಿಸಿದರೆ, ಅಡುಗೆಮನೆ ಒಡೆದರೆ, ಇಡೀ ಮನೆಯನ್ನೇ ನೆಲಸಮ ಮಾಡಿದರೂ ನ್ಯಾಷನಲ್ ರಿಜಿಸ್ಟರ್ ಎಂಬ ಕಾರಣಕ್ಕೆ ನಿಮ್ಮನ್ನು ಕೇಳುವವರಿಲ್ಲ. ನಾಳೆ ಆ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು, ಅಷ್ಟೇ.

ಇಲ್ಲಿಗೆ ಬಂದಾಗ ಕೇಳುಗರ ಮುಖದಲ್ಲಿ ಒಂದು ಅಪನಂಬಿಕೆ ಮೂಡುತ್ತದೆ. ಹೋಗಲಿ, ನಗರದ ಅತ್ಯಂತ ಪ್ರಸಿದ್ಧ ಕಟ್ಟಡವನ್ನೇ ಸಾಕ್ಷಿಗೆ ಕರೆಯೋಣ. ವಾಸ್ತುಶಿಲ್ಪಿಗಳಾದ ಲೂಯಿ ಸಲಿವನ್ ಮತ್ತು ಡಾಂಕ್ಮಾರ್ ಆಡ್ಲರ್ ಅವರ ಗ್ಯಾರಂಟಿ ಬಿಲ್ಡಿಂಗ್ 1896ರಲ್ಲಿ ಮುಗಿದ 13 ಅಂತಸ್ತಿನ ಗಗನಚುಂಬಿ. ಅದರ ಮೈತುಂಬ ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳು. ಕಂಬದ ಬುಡದಲ್ಲಿ ನಿಂತು ನೋಡಿದರೆ ಬೀಜ ಒಡೆದು ಕುಡಿ ಹೊರಟಂಥ ಚಿತ್ತಾರ ಮೇಲಿನ ತನಕ ಹಬ್ಬಿಕೊಂಡು ಹೋಗಿ, ಸೂರಿನ ಕೆಳಗೆ ದುಂಡು ಕಿಟಕಿಗಳ ಸುತ್ತ ಸುರುಳಿ ಬಿಚ್ಚುತ್ತದೆ. 1975ರಲ್ಲಿ ಇದಕ್ಕೆ ರಿಜಿಸ್ಟರ್‌ಗಿಂತಲೂ ಮೇಲಿನ ಗೌರವವಾದ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಪಟ್ಟ ಸಿಕ್ಕಿತು. ಇಡೀ ದೇಶದಲ್ಲಿ ಅಂಥವು 2,500ಕ್ಕೂ ಸ್ವಲ್ಪ ಹೆಚ್ಚು ಮಾತ್ರ. ಪಟ್ಟ ಸಿಕ್ಕ ಎರಡೇ ವರ್ಷಕ್ಕೆ, 1977ರಲ್ಲಿ, ಆಗಿನ ಮಾಲೀಕರು ಅದನ್ನು ಕೆಡವುವ ಮಾತೆತ್ತಿದರು. ಕಾಯ್ದೆ ಅಡ್ಡ ಬರಲಿಲ್ಲ. ಅಡ್ಡ ಬಂದವರು ಊರಿನ ಜನ, ಅವರ ಬೆನ್ನಿಗೆ ನಿಂತವರು ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್. ಕಟ್ಟಡ ಉಳಿಯಿತು, 1980ರ ದಶಕದ ಆರಂಭದಲ್ಲಿ ದುರಸ್ತಿಯೂ ಆಯಿತು. ಆದರೆ ಅದನ್ನು ಉಳಿಸಿದ್ದು ರಿಜಿಸ್ಟರ್ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನನ್ನ ಹತ್ತಿರ ಕಳಿಸಿ.

ಇನ್ನೊಂದು ಸಾಕ್ಷಿ ಸೆಂಟ್ರಲ್ ಟರ್ಮಿನಲ್, 1929ರಲ್ಲಿ ತೆರೆದು 1979ರಲ್ಲಿ ರೈಲುಗಳೆಲ್ಲ ನಿಂತುಹೋದ ಬೃಹತ್ ನಿಲ್ದಾಣ. 1984ರಲ್ಲಿ ಅದು ರಿಜಿಸ್ಟರ್‌ಗೆ ಸೇರಿತು; ಆಮೇಲಿನ ವರ್ಷಗಳಲ್ಲೇ ಅದರ ಒಳಗಿನ ದೀಪ, ಕಂಚು, ಅಲಂಕಾರಗಳೆಲ್ಲ ಒಂದೊಂದಾಗಿ ಕಳಚಿ ಮಾರಾಟವಾದವು. ಸಭಾಂಗಣದ ನಡುವಿನ ಗಡಿಯಾರವೂ ಊರು ಬಿಟ್ಟಿತ್ತು. ಅದನ್ನು ಮತ್ತೆ ಹಣ ಕೊಟ್ಟು ಕೊಂಡು ತರಬೇಕಾಯಿತು.

ಹಾಗಾದರೆ ಕಟ್ಟಡ ಕೆಡವದಂತೆ ತಡೆಯುವ ಅಧಿಕಾರ ಯಾರಿಗೂ ಇಲ್ಲವೇ? ಇದೆ, ಅದು ಇರುವುದು ವಾಷಿಂಗ್ಟನ್‌ನಲ್ಲಲ್ಲ, ನಿಮ್ಮ ಊರಿನ ಸಿಟಿ ಹಾಲ್‌ನಲ್ಲಿ. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರ 1931ರಲ್ಲೇ ಇಂಥ ಸ್ಥಳೀಯ ಕಾನೂನು ಮಾಡಿತ್ತು. ನ್ಯೂಯಾರ್ಕ್ ನಗರದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಕಚೇರಿ ಗೋಪುರ ಏರಿಸಲು ಬಿಡದಿದ್ದಾಗ ಮಾಲೀಕರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1978ರಲ್ಲಿ ನ್ಯಾಯಾಲಯ ನಗರದ ಪರವಾಗಿ ತೀರ್ಪು ಕೊಟ್ಟಿತು. ಬಫಲೋದಲ್ಲಿ ಈ ಅಧಿಕಾರ ಪ್ರಿಸರ್ವೇಶನ್ ಬೋರ್ಡ್‌ನ ಕೈಯಲ್ಲಿದೆ. ನಗರವೇ ಸ್ಮಾರಕವೆಂದು ಘೋಷಿಸಿದ ಕಟ್ಟಡದಲ್ಲಿ, ಅಥವಾ ನಗರವೇ ಗೊತ್ತುಮಾಡಿದ ಸಂರಕ್ಷಿತ ವಲಯದಲ್ಲಿ, ಹೊರಗೆ ಕಾಣುವ ಬದಲಾವಣೆಗೆ ಬೋರ್ಡ್‌ನ ಒಪ್ಪಿಗೆ ಬೇಕು. ಒಳಗೆ ಯಾವ ಬಣ್ಣ ಬಳಿದಿರಿ, ದೇವರ ಮನೆ ಯಾವ ಮೂಲೆಯಲ್ಲಿ ಮಾಡಿದಿರಿ ಎಂಬುದು ಸಾಮಾನ್ಯವಾಗಿ ಅದಕ್ಕೆ ಬೇಡದ ವಿಷಯ.

ಗೊಂದಲ ಹುಟ್ಟುವುದು ಇಲ್ಲೇ, ಏಕೆಂದರೆ ನ್ಯಾಷನಲ್ ರಿಜಿಸ್ಟರ್, ನಗರದ ಪಟ್ಟಿ ಎರಡರಲ್ಲೂ ಐತಿಹಾಸಿಕ ವಲಯ ಎಂಬ ಹೆಸರೇ ಇದೆ. ಬಫಲೋದ ಎಲ್ಮ್‌ವುಡ್ ಐತಿಹಾಸಿಕ ವಲಯದ ಪಶ್ಚಿಮ ಭಾಗ 2012ರಲ್ಲಿ, ಪೂರ್ವ ಭಾಗ 2016ರಲ್ಲಿ ನ್ಯಾಷನಲ್ ರಿಜಿಸ್ಟರ್‌ಗೆ ಸೇರಿದವು. ಅಲನ್‌ಟೌನ್ ಬಡಾವಣೆಯಾದರೋ ನಗರದ ಬೋರ್ಡ್‌ನ ಅಧೀನದಲ್ಲೂ ಇದೆ. ನೀವು ನೋಡುತ್ತಿರುವ ಮನೆ ಒಂಟಿಯಾಗಿ ರಿಜಿಸ್ಟರ್‌ಗೆ ಸೇರಿರುವ ಸಾಧ್ಯತೆ ಕಡಿಮೆ. ಬಹುಪಾಲು ಅದು ಇಂಥ ಒಂದು ವಲಯದೊಳಗಿನ ನೂರಾರು ಮನೆಗಳಲ್ಲಿ ಒಂದು. ಏಜೆಂಟರನ್ನು ಕೇಳಬೇಕಾದ ಪ್ರಶ್ನೆ, ಮನೆ ಐತಿಹಾಸಿಕವೇ ಎಂಬುದಲ್ಲ. ನಗರದ ಸ್ಥಳೀಯ ವಲಯದಲ್ಲಿದೆಯೇ ಎಂಬುದು. ಅವರು ತಡವರಿಸಿದರೆ ವಿಳಾಸ ಹಿಡಿದು ನೀವೇ ಸಿಟಿ ಹಾಲ್‌ಗೆ ಹೋಗಿ ವಿಚಾರಿಸಿ. 1931ರಲ್ಲಿ ಕಟ್ಟಿದ ಆ 32 ಅಂತಸ್ತಿನ ಆರ್ಟ್ ಡೆಕೊ ಕಟ್ಟಡವನ್ನು ನೋಡಿದ ಹಾಗೂ ಆಗುತ್ತದೆ.

ಸ್ಥಳೀಯ ಕಾನೂನು ಇದ್ದ ಮಾತ್ರಕ್ಕೆ ಕಟ್ಟಡ ಚಿರಂಜೀವಿ ಎಂದುಕೊಳ್ಳುವುದೂ ಬೇಡ. ಗ್ರೇಟ್ ನಾರ್ದರ್ನ್ ಎಂಬ ಧಾನ್ಯದ ಕಣಜ 1897ರದು. ಇಟ್ಟಿಗೆಯ ಹೊರಗೋಡೆ, ಅದರೊಳಗೆ ಸಾಲುಸಾಲಾಗಿ ಉಕ್ಕಿನ ಬೃಹತ್ ಹಗೇವುಗಳು. ಉಗಿಯಂತ್ರದಿಂದ ಧಾನ್ಯ ಎತ್ತುವ ಕಣಜವನ್ನು 1842ರಲ್ಲಿ ಮೊದಲು ಕಟ್ಟಿದ ಊರಿನಲ್ಲಿ ಇದೊಂದು ಹೆಮ್ಮೆಯ ಆಸ್ತಿಯಾಗಿತ್ತು, 1990ರಿಂದ ನಗರದ ಘೋಷಿತ ಸ್ಮಾರಕವೂ ಆಗಿತ್ತು. 2021ರ ಡಿಸೆಂಬರ್ 11ರ ಬಿರುಗಾಳಿಗೆ ಅದರ ಉತ್ತರದ ಗೋಡೆ ಕುಸಿಯಿತು. ಒಂದು ವಾರ ಕಳೆಯುವುದರೊಳಗೆ ನಗರದ ಕಟ್ಟಡ ವಿಭಾಗದಿಂದ ತುರ್ತು ಕೆಡವುವಿಕೆಯ ಆದೇಶ ಹೊರಟಿತು. ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ಹೋರಾಡಿದರೂ 2022ರಲ್ಲಿ ಯಂತ್ರಗಳು ಬಂದೇ ಬಂದವು. ಸಾರ್ವಜನಿಕರ ಸುರಕ್ಷತೆ ಎಂಬ ಬಾಗಿಲು ಎಲ್ಲ ಸಂರಕ್ಷಣಾ ಕಾನೂನುಗಳಲ್ಲೂ ಇರುತ್ತದೆ, ಇರಲೂಬೇಕು. ಆದರೆ ದಶಕಗಟ್ಟಲೆ ದುರಸ್ತಿ ಕಾಣದೆ ನಿಂತ ಕಟ್ಟಡಗಳು ಆ ಬಾಗಿಲಿನ ಕಡೆಗೇ ನಡೆಯುತ್ತವೆ. 1950ರಲ್ಲಿ 5,80,132 ಜನರಿದ್ದ ಊರಿನಲ್ಲಿ 2020ರ ಜನಗಣತಿಗೆ ಉಳಿದವರು 2,78,349. ಜನ ಅರ್ಧಕ್ಕೂ ಕಡಿಮೆಯಾದ ಊರಿನಲ್ಲಿ ಸೂರು ಸೋರುವ ಕಟ್ಟಡಗಳಿಗೇನೂ ಬರವಿಲ್ಲ.

ಹಾಗಿದ್ದರೆ ರಿಜಿಸ್ಟರ್‌ಗೆ ಸೇರಿ ಪ್ರಯೋಜನವೇನು ಎಂದು ನೀವು ಕೇಳಬಹುದು. ಹಣ. ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮದಂತೆ ನವೀಕರಿಸಿದರೆ ಅರ್ಹ ವೆಚ್ಚದ 20 ಪ್ರತಿಶತದಷ್ಟು ಕೇಂದ್ರ ತೆರಿಗೆ ರಿಯಾಯಿತಿ, 5 ವರ್ಷಗಳಲ್ಲಿ ಹಂಚಿ ಸಿಗುತ್ತದೆ. ನೀವೇ ವಾಸಿಸುವ ಮನೆಗೆ ಇದು ಅನ್ವಯಿಸದು. ಆದರೆ ನ್ಯೂಯಾರ್ಕ್ ರಾಜ್ಯ ಗೃಹಮಾಲೀಕರಿಗಾಗಿಯೇ ಬೇರೊಂದು ರಿಯಾಯಿತಿ ಇಟ್ಟಿದೆ: ಮನೆ ಅರ್ಹ ಪ್ರದೇಶದಲ್ಲಿದ್ದರೆ ವೆಚ್ಚದ 20 ಪ್ರತಿಶತ, ಗರಿಷ್ಠ 50,000 ಡಾಲರ್. ಕನಿಷ್ಠ 5,000 ಡಾಲರ್ ಖರ್ಚಾಗಿರಬೇಕು, ಅದರಲ್ಲಿ ಒಂದು ಪಾಲು ಮನೆಯ ಹೊರಭಾಗಕ್ಕೆ ಹೋಗಿರಬೇಕು, ಕೆಲಸ ಶುರುವಾಗುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದಿರಬೇಕು. ಈ ಕೊನೆಯ ಷರತ್ತನ್ನು ಓದದೆ ಕೆಲಸ ಮುಗಿಸಿ, ಆಮೇಲೆ ರಸೀದಿಗಳ ಕಟ್ಟು ಹಿಡಿದು ಬರುವವರಿಗೆ ಹೇಳಲು ನನ್ನ ಬಳಿ ಸಮಾಧಾನದ ಮಾತಿಲ್ಲ. ಹಣ ಕೇಳಿದಿರೆಂದರೆ ಮಾತ್ರ ಕಿಟಕಿಯ ವಿಷಯದಲ್ಲಿ ಸರ್ಕಾರದ ಮಾತು ನಡೆಯುತ್ತದೆ, ಏಕೆಂದರೆ ಆ ನಿಯಮಗಳ ಪ್ರಕಾರ ದುರಸ್ತಿ ಸಾಧ್ಯವಿರುವುದನ್ನು ಬದಲಿಸುವಂತಿಲ್ಲ.

ಕಿಟಕಿಯ ಮಾತು ಬಂದ ಮೇಲೆ, ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಬದಲಿಸಬಹುದೇ ಎಂದು ಕೇಳಿದಿರಿ. ಬದಲಿಸಬೇಕೇ ಎಂದು ಕೇಳಲಿಲ್ಲ. 1910ರ ಕಿಟಕಿಯ ಮರ ಹಳೆಯ ಕಾಡಿನದು, ನಿಧಾನವಾಗಿ ಬೆಳೆದು ಒತ್ತೊತ್ತಾಗಿ ಎಳೆ ಕೂಡಿಸಿಕೊಂಡದ್ದು. ಇಂದಿನ ಅಂಗಡಿಯಲ್ಲಿ ಅಂಥ ಮರ ಸಿಗುವುದು ಅಪರೂಪ. ಅದರ ಪ್ರತಿ ಭಾಗವನ್ನೂ ಬಿಡಿಯಾಗಿ ಸರಿಪಡಿಸಬಹುದು: ಗಾಜು ಒಡೆದರೆ ಗಾಜು, ಪುಟ್ಟಿ ಉದುರಿದರೆ ಪುಟ್ಟಿ, ಹಗ್ಗ ಹರಿದರೆ ಹಗ್ಗ. ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜಿನ ನಡುವೆ ಒಮ್ಮೆ ಮಂಜು ಕಟ್ಟಿತೆಂದರೆ ಸಾಮಾನ್ಯವಾಗಿ ಆ ಗಾಜಿನ ಘಟಕವನ್ನೇ ಎಸೆಯಬೇಕು. ಬಫಲೋದ ಚಳಿ ತಡೆಯುವುದಿಲ್ಲವಲ್ಲ ಎನ್ನುವವರು ಹೊರಗಡೆ ಒಂದು ಒಳ್ಳೆಯ ಸ್ಟಾರ್ಮ್ ವಿಂಡೋ, ಅಂದರೆ ಇರುವ ಕಿಟಕಿಯ ಮೇಲೆ ಇನ್ನೊಂದು ಗಾಜಿನ ಹೊರಕಿಟಕಿ, ಕೂರಿಸಿ, ಸಂದಿಗಳಿಗೆ ಪಟ್ಟಿ ಹಚ್ಚಿ ಒಂದು ಚಳಿಗಾಲ ಕಳೆದು ನೋಡಲಿ. ಒಂದೇ ಎಚ್ಚರಿಕೆ: ಮನೆಗಳಿಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ, ಆದ್ದರಿಂದ ನಿಮ್ಮ ಮನೆಯ ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಮುಂದುವರಿಯಿರಿ; ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ.

ನಮ್ಮ ಮನೆಯಲ್ಲಿ ಎತ್ತಿದರೆ ನಿಲ್ಲದೆ ಜಾರಿ ಬೀಳುತ್ತಿದ್ದ ಕಿಟಕಿಯೊಂದಿತ್ತು. ಅದನ್ನು ನಾನೇ ಬಿಚ್ಚಿದೆ. ಚೌಕಟ್ಟಿನ ಪಕ್ಕದಲ್ಲಿ, ಬಣ್ಣದ ಏಳೆಂಟು ಪದರಗಳ ಕೆಳಗೆ, ಅಂಗೈ ಅಗಲದ ಒಂದು ಪುಟ್ಟ ಮರದ ಮುಚ್ಚಳ. ಅದನ್ನು ತೆಗೆದರೆ ಒಳಗಿನ ಕತ್ತಲಲ್ಲಿ ಎರಕದ ಕಬ್ಬಿಣದ ಉದ್ದನೆಯ ಗುಂಡು, ಹರಿದ ಹಗ್ಗದ ತುಂಡಿನೊಂದಿಗೆ ಬಿದ್ದುಕೊಂಡಿತ್ತು. ಬಾವಿಯ ರಾಟೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಮೇಲೆ ರಾಟೆ, ಈ ಕಡೆ ಕಿಟಕಿ, ಆ ಕಡೆ ಅದರ ತೂಕಕ್ಕೆ ಸರಿಯಾದ ಗುಂಡು. ಹೊಸ ಹತ್ತಿ ಹಗ್ಗಕ್ಕೆ ಆದ ಖರ್ಚು ಒಂದು ಊಟದ್ದಕ್ಕಿಂತ ಕಡಿಮೆ. ಹಗ್ಗವನ್ನು ಹಾಗೆಯೇ ತುರುಕಿದರೆ ಅದು ರಾಟೆ ದಾಟಿ ಕೆಳಗೆ ಇಳಿಯುವುದಿಲ್ಲ. ಮೊದಲು ಒಂದು ತೆಳ್ಳನೆಯ ದಾರದ ತುದಿಗೆ ಬಾಗಿಸಿದ ಮೊಳೆ ಕಟ್ಟಿ ಇಳಿಬಿಡಿ, ಅದು ಮುಚ್ಚಳದ ಕಿಂಡಿಯಲ್ಲಿ ಕಾಣಿಸಿಕೊಂಡ ಮೇಲೆ ಅದರ ಹಿಂದೆ ಹಗ್ಗವನ್ನು ಎಳೆದುಕೊಳ್ಳಿ.