ಗೆರೆ ಕೂಡಿದಲ್ಲೆಲ್ಲ ಮೂಲೆಯಿಲ್ಲ

ಪ್ರಶ್ನೆ: ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕದಲ್ಲಿ (ಇರುವ ನಿರ್ಬಂಧಗಳೊಳಗೇ ಹೆಚ್ಚು ಲಾಭ ಎಲ್ಲಿ ಎಂದು ಹುಡುಕುವ ಲೆಕ್ಕ) ಸಾಧ್ಯ ಪ್ರದೇಶದ ಮೂಲೆಬಿಂದುಗಳನ್ನು ಕಂಡುಹಿಡಿಯುವುದು ಹೇಗೆ? ಗೆರೆಗಳು ಕೂಡುವ ಬಿಂದುಗಳನ್ನೆಲ್ಲ ಬರೆದು, ಅವುಗಳಲ್ಲಿ ಹೆಚ್ಚು ಲಾಭ ಕೊಡುವುದನ್ನು ಆರಿಸಿದರೆ ಸಾಲದೇ?

ಸಾಲದು. ಕಲಬುರಗಿಯಲ್ಲಿ ಪಿಯುಸಿ ಎರಡನೇ ವರ್ಷದವರಿಗೆ ಗಣಿತ ಹೇಳಿಕೊಡಲು ಶುರುಮಾಡಿದಂದಿನಿಂದ ಈ ‘ಸಾಲದು’ ಎಂಬುದನ್ನು ಹೇಳುತ್ತಲೇ ಇದ್ದೇನೆ.

ಪ್ರಶ್ನೆಯ ಮೊದಲರ್ಧ ಸುಲಭ. ನಿರ್ಬಂಧ ಹೇಳುವ ಪ್ರತಿ ಅಸಮತೆಯನ್ನೂ (≤ ಅಥವಾ ≥ ಇರುವುದು) ಸಮೀಕರಣವಾಗಿ ಬರೆದು ಗೆರೆ ಎಳೆಯಿರಿ. ಗೆರೆ ಮೂಲಬಿಂದುವಿನ ಮೇಲೆ ಹಾಯದಿದ್ದರೆ (0, 0) ಹಾಕಿ, ಯಾವ ಮಗ್ಗುಲು ಬೇಕೆಂದು ನೋಡಿ. ಎಲ್ಲ ನಿರ್ಬಂಧಗಳಿಗೂ ಒಪ್ಪುವ ಭಾಗಕ್ಕೆ ಪೆನ್ಸಿಲ್ ಉಜ್ಜಿ, ಅದೇ ಸಾಧ್ಯ ಪ್ರದೇಶ. ಅದರ ಅಂಚು ತಿರುಗುವ ಜಾಗಗಳೇ ಮೂಲೆಬಿಂದುಗಳು. ಅಲ್ಲಿ ಕೂಡುವ ಎರಡು ಸಮೀಕರಣಗಳನ್ನು ಬಿಡಿಸಿ ಬಿಂದುವನ್ನು ಪಡೆಯಿರಿ. ಗ್ರಾಫ್ ಹಾಳೆಯಿಂದ ಕಣ್ಣಳತೆಯಲ್ಲಿ ಓದಬೇಡಿ. ಮೊಂಡ ಪೆನ್ಸಿಲ್ಲಿನ ಗೆರೆಯ ದಪ್ಪವೇ ಕಾಲು ಎಕರೆ ತಿಂದುಹಾಕುತ್ತದೆ.

ಎಕರೆ ಎಂದೆನಲ್ಲ, ಜೇವರ್ಗಿ ಕಡೆಯ 10 ಎಕರೆ ಎರೆಹೊಲವನ್ನೇ ತೆಗೆದುಕೊಳ್ಳೋಣ. ತೊಗರಿ ‘ತ’ ಎಕರೆ, ಹತ್ತಿ ‘ಹ’ ಎಕರೆ. ಎಕ್ಸ್, ವೈ ಎಂದೇ ಬರೆಯಬೇಕೆಂಬ ಶಾಸನವೇನೂ ಇಲ್ಲ. ಎಕರೆಗೆ ಖರ್ಚು ತೊಗರಿಗೆ 5 ಸಾವಿರ, ಹತ್ತಿಗೆ 10 ಸಾವಿರ. ಕೈಯಲ್ಲಿರುವುದು 80 ಸಾವಿರ. ಲಾಭ ಎಕರೆಗೆ ತೊಗರಿಯಿಂದ 9, ಹತ್ತಿಯಿಂದ 15 ಸಾವಿರ. (ಗಂಜ್ ಮಾರುಕಟ್ಟೆಯ ದರದೊಂದಿಗೆ ಹೋಲಿಸಿ ನನ್ನೊಡನೆ ಜಗಳಕ್ಕೆ ಬರಬೇಡಿ, ಇವು ಲೆಕ್ಕಕ್ಕೆಂದು ಇಟ್ಟ ಅಂಕಿಗಳು.) ನಿರ್ಬಂಧಗಳು: ನೆಲಕ್ಕೆ ತ + ಹ ≤ 10, ಹಣಕ್ಕೆ 5ತ + 10ಹ ≤ 80, ಐದರಿಂದ ಭಾಗಿಸಿದರೆ ತ + 2ಹ ≤ 16. ಎರಡೂ ಬೆಳೆ ಸೊನ್ನೆಗಿಂತ ಕಡಿಮೆಯಾಗುವಂತಿಲ್ಲ.

ಎರಡು ಗೆರೆ, ಎರಡು ಅಕ್ಷ. ಬಿಂದುಗಳನ್ನು (ತ, ಹ) ಎಂದು ಬರೆದರೆ, ಅವು ಆರು ಕಡೆ ಕೂಡುತ್ತವೆ: (0, 0), (10, 0), (16, 0), (0, 8), (0, 10), (4, 6). ಒಬ್ಬ ಹುಡುಗ ಆರನ್ನೂ ಅಂದವಾಗಿ ಪಟ್ಟಿಮಾಡಿ, (0, 10)ರಲ್ಲಿ ಗರಿಷ್ಠ ಲಾಭ 1,50,000 ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು ತಂದಿದ್ದ. ಹತ್ತು ಎಕರೆ ಹತ್ತಿಗೆ ಒಂದು ಲಕ್ಷ ಬೇಕಲ್ಲ, ಉಳಿದ 20 ಸಾವಿರ ಎಲ್ಲಿಂದ ಬಂತಪ್ಪಾ ಎಂದೆ. ‘ಸಾಲ, ಸರ್’ ಎಂದ. ನಮ್ಮ ಭಾಗದ ಹುಡುಗ, ಉತ್ತರ ಸಹಜವೇ. ಆದರೆ ಲೆಕ್ಕದಲ್ಲಿ ಸಾಲಕ್ಕೆ ಅವಕಾಶ ಕೊಟ್ಟಿಲ್ಲ. ಹಾಗೆಯೇ (16, 0) ಎಂದರೆ ಹದಿನಾರು ಎಕರೆ ತೊಗರಿ. ಅದರಲ್ಲಿ ಆರು ಎಕರೆ ಪಕ್ಕದವರ ಹೊಲದಲ್ಲಿ!

ಈ ತಪ್ಪು ದಡ್ಡತನದ್ದಲ್ಲ, ಅಭ್ಯಾಸದ್ದು. ಹತ್ತನೇ ತರಗತಿಯಲ್ಲಿ ಸಮೀಕರಣಗಳ ಜೋಡಿ ಬಿಡಿಸುವಾಗ ಗೆರೆಗಳು ಕೂಡಿದ ಜಾಗವೇ ಉತ್ತರವಾಗಿತ್ತು. ಅಲ್ಲಿ ಇದ್ದದ್ದು ಗೆರೆಗಳು ಮಾತ್ರ. ಇಲ್ಲಿರುವುದು ಹೊಲ, ಗೆರೆ ಅದರ ಬದು. ನಿಮ್ಮ ಎರಡು ಬದುಗಳನ್ನು ಹಗ್ಗ ಹಿಡಿದು ನೇರ ಎಳೆಯುತ್ತ ಹೋದರೆ ಊರಾಚೆ ಎಲ್ಲೋ ಕೂಡಬಹುದು. ಅಲ್ಲಿ ಹೋಗಿ ಬಾಂದುಕಲ್ಲು ನೆಡುತ್ತೀರಾ?

ಆದ್ದರಿಂದ ಸಿಕ್ಕ ಪ್ರತಿ ಬಿಂದುವನ್ನೂ ಎಲ್ಲ ನಿರ್ಬಂಧಗಳಲ್ಲಿ ಹಾಕಿ ನೋಡಿ. ಒಂದಕ್ಕೆ ತಪ್ಪಿದರೂ ಹೊಡೆದುಹಾಕಿ. ನಾಲ್ಕು ಉಳಿಯುತ್ತವೆ. ಮೂಲಬಿಂದುವಿನಲ್ಲಿ ಲಾಭ ಸೊನ್ನೆ, (10, 0)ರಲ್ಲಿ 90 ಸಾವಿರ, (0, 8)ರಲ್ಲಿ 1,20,000, (4, 6)ರಲ್ಲಿ 1,26,000. ನಾಲ್ಕು ಎಕರೆ ತೊಗರಿ, ಆರು ಎಕರೆ ಹತ್ತಿ.

ಇನ್ನೊಂದು ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಬೆಳೆ ಎರಡಿದ್ದರೆ ಹಾಳೆಯ ಮೇಲೆ ಬರೆಯಬಹುದು, ಹತ್ತು ಬೆಳೆ ಇದ್ದರೆ? ಎರಡು ಬೆಳೆಗೆ ಒಂದು ಬಿಂದು ಸಿಗಲು ಎರಡು ಸಮೀಕರಣ ಬೇಕಾದಂತೆ, ಹತ್ತಕ್ಕೆ ಹತ್ತು ಬೇಕು. ಹತ್ತು ಬೆಳೆಗಳಿಗೆ ಒಟ್ಟು ಇಪ್ಪತ್ತು ನಿರ್ಬಂಧಗಳಿದ್ದರೆ, ಅವುಗಳಲ್ಲಿ ಹತ್ತನ್ನು ಆರಿಸುವ ಬಗೆಗಳೇ 1,84,756. ಒಂದೊಂದನ್ನೂ ಬಿಡಿಸಿ, ಪರೀಕ್ಷಿಸಿ, ಹೊಡೆದುಹಾಕುತ್ತ ಕುಳಿತರೆ ಬಿತ್ತನೆಯ ಹದವೇ ಹೋಗಿರುತ್ತದೆ. ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಅದೇ ಸಿಂಪ್ಲೆಕ್ಸ್ ವಿಧಾನ. ಒಂದು ಮೂಲೆಯಲ್ಲಿ ನಿಲ್ಲುವುದು, ಲಾಭ ಏರುವ ಬದುವಿನ ಮೇಲೆ ನಡೆದು ಪಕ್ಕದ ಮೂಲೆಗೆ ಹೋಗುವುದು, ಯಾವ ಬದುವಿನಲ್ಲೂ ಏರಿಕೆ ಇಲ್ಲವೆಂದಾಗ ನಿಂತುಬಿಡುವುದು.

ನಮ್ಮ ಹೊಲದಲ್ಲಿ ಅದು (0, 0)ದಿಂದ ಹೊರಡುತ್ತದೆ. ಹತ್ತಿಯ ಲಾಭ ಹೆಚ್ಚಾದ್ದರಿಂದ ಮೊದಲು (0, 8)ಕ್ಕೆ, ಅಲ್ಲಿಂದ (4, 6)ಕ್ಕೆ. ಮುಂದಿನ ಮೂಲೆ (10, 0)ರಲ್ಲಿ 90 ಸಾವಿರವಷ್ಟೇ, ಹಾಗಾಗಿ (4, 6)ರಲ್ಲೇ ನಿಲ್ಲುತ್ತದೆ. (16, 0)ದ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ.