ನೀರಗಂಟಿಗೆ ಮುಟ್ಟುವ ಸುದ್ದಿ

ನಮ್ಮ ಕೋಲಾರದ ಕಡೆ ಬೀಗರೂಟದಲ್ಲಿ ಮುದ್ದೆ ಬೇಡ ಅಂದವರನ್ನು ಯಾರೂ ಸುಮ್ನೆ ಬಿಡುವುದಿಲ್ಲ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಕ್ರಿಯೆ ಮಾಡಿಸಿಕೊಂಡ ನಮ್ಮ ದೊಡ್ಡಪ್ಪನ ಮಗಳು ಕಾಲು ಮುದ್ದೆಗೇ ಕೈ ತೊಳೆದಳು. "ಹೊಟ್ಟೆ ಚಿಕ್ಕದು ಮಾಡಿದ್ದಾರೆ, ಪಾಪ, ಹಿಡಿಸಲ್ಲ" ಎಂದರು ಒಬ್ಬರು. "ಬರುಬರುತ್ತಾ ಚೀಲ ಹಿಗ್ಗುತ್ತೆ, ಮತ್ತೆ ಮೊದಲಿನಂಗೇ ಆಗ್ತಾಳೆ" ಎಂದರು ಇನ್ನೊಬ್ಬರು. ಅತ್ತೆಯೊಬ್ಬರು ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹುಡುಕತೊಡಗಿದರು. ನನಗೆ ಊಟ ಸೇರಲಿಲ್ಲ.

ಚೀಲ ಹಿಗ್ಗುವ ಮಾತಿಗೆ ಅಂಕಿಗಳೇ ಉತ್ತರ ಕೊಡುತ್ತವೆ. ಅಮೆರಿಕದ ಯೂಟಾದಲ್ಲಿ ಬೈಪಾಸ್ ಆದವರನ್ನು 12 ವರ್ಷ ಗಮನಿಸಿ 2017ರಲ್ಲಿ ವರದಿ ಕೊಟ್ಟರು. 2 ವರ್ಷಕ್ಕೆ ಸರಾಸರಿ 45 ಕೆ.ಜಿ. ಇಳಿದಿತ್ತು. 6 ವರ್ಷಕ್ಕೆ ನೋಡಿದಾಗ ಇಳಿಕೆ 36 ಕೆ.ಜಿ., 12 ವರ್ಷಕ್ಕೆ 35. ಸ್ವಲ್ಪ ವಾಪಸ್ ಬಂತು, ಆಮೇಲೆ ನಿಂತಿತು. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನದಲ್ಲೂ ಹೀಗೇ. ಬೈಪಾಸ್ ಆದವರ ಮೈತೂಕ ಮೊದಲ ಒಂದೆರಡು ವರ್ಷದಲ್ಲಿ ಸುಮಾರು 32% ಇಳಿದಿತ್ತು. 10 ವರ್ಷ ಕಳೆದರೂ 25% ಕಡಿಮೆಯೇ ಇತ್ತು.

ಈ ನಿಲ್ಲುವುದೇ ನನಗೆ ಸೋಜಿಗ. ಊಟ ಬಿಟ್ಟು ಇಳಿಸಿದ ತೂಕ ಹೀಗೆ ನಿಲ್ಲುವುದಿಲ್ಲ ಅಲ್ವಾ?

ನಮ್ಮ ಹಳೆಯ ಕೆರೆಗಳನ್ನು ನೆನೆಸಿಕೊಳ್ಳಿ. ಕೆರೆ ಬತ್ತುತ್ತಿದೆ ಎಂದು ಗೊತ್ತಾದರೆ ಅದರ ನೀರು ನೋಡಿಕೊಳ್ಳುವ ನೀರಗಂಟಿ ಏನು ಮಾಡುತ್ತಿದ್ದ? ತೂಬು ಬಿಗಿ ಮಾಡುತ್ತಿದ್ದ. ನೀರು ಬರುವ ಕಾಲುವೆಯ ಹೂಳು ತೆಗೆಸುತ್ತಿದ್ದ. ಮಿದುಳು ಮಾಡುವುದೂ ಅದನ್ನೇ. ತೂಕ ಇಳಿದರೆ ಮೈಯ ಖರ್ಚು ಕಡಿಮೆ ಮಾಡುತ್ತದೆ, ಹಸಿವು ಜಾಸ್ತಿ ಮಾಡುತ್ತದೆ. ಬಾಯಿ ಕಟ್ಟಿದವರು ಸೋಲುವುದು ಈ ನೀರಗಂಟಿಯ ಮುಂದೆ. ಅದಕ್ಕೆ ಸೋಮಾರಿತನ ಎಂದು ಹೆಸರಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟುವುದೇ ಇಲ್ಲ. ಮೇಲಿನ ಕೆರೆ ಬಿಟ್ಟು ಕೆಳಗಿನ ಕೆರೆಗೆ ಹೊಸ ಕಾಲುವೆ ತೋಡಿದ ಹಾಗೆ. ಕೆಳಗಿನ ಕೆರೆ ಬೇಗ ಕೋಡಿ ಬೀಳುತ್ತದೆ, "ತುಂಬಿತು" ಎಂಬ ಸುದ್ದಿ ನೀರಗಂಟಿಗೆ ಬೇಗ ಹೋಗುತ್ತದೆ. ಸಾಕು ಎಂದು ಮಿದುಳಿಗೆ ತಿಳಿಸುವ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುವ ಕೋಶಗಳು ಕರುಳಿನ ಕೆಳಭಾಗದಲ್ಲಿ ಜಾಸ್ತಿ. ಊಟ ಅಲ್ಲಿಗೆ ಬೇಗ ಬಂದಾಗ ಆ ಹಾರ್ಮೋನುಗಳು ಮೊದಲಿಗಿಂತ ಹಲವು ಪಟ್ಟು ಹೊಮ್ಮುತ್ತವೆ. ಅಕ್ಕ ಕೈ ತೊಳೆದದ್ದು ಜಾಗ ಸಾಲದೆ ಮಾತ್ರವಲ್ಲ, ಅವಳಿಗೆ ನಿಜವಾಗಿಯೂ ಸಾಕಾಗಿತ್ತು. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್ ಅನುಕರಿಸುವುದೂ ಈ ಜಿಎಲ್‌ಪಿ-1 ಅನ್ನೇ.

ಅಮೆರಿಕದ ಅಯೋವಾದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ 1966ರಲ್ಲಿ ಈ ಶಸ್ತ್ರಕ್ರಿಯೆ ಶುರುಮಾಡಿದಾಗ ಹಾರ್ಮೋನಿನ ಈ ಕಥೆ ಗೊತ್ತಿರಲಿಲ್ಲ. ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳದ್ದು ಅವರ ಕಣ್ಣಿಗೆ ಬಿದ್ದಿತ್ತು, ಅಷ್ಟೆ. ಈಗ ಬಳಕೆಯಲ್ಲಿರುವ ಕವಲಿನಂಥ ಜೋಡಣೆ ಇನ್ನೂ ಹಳೆಯದು, ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರದು, 19ನೇ ಶತಮಾನದ ಕೊನೆಯದು. ಮುಂದೆ ವೈದ್ಯರಿಗೆ ಇನ್ನೊಂದು ವಿಚಿತ್ರ ಕಂಡಿತು. ತೂಕ ಇಳಿಯುವ ಮೊದಲೇ, ಕೆಲವೇ ದಿನದಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿತ್ತು. ಚೀಲ ಚಿಕ್ಕದಾದದ್ದಷ್ಟೇ ಕಾರಣವಲ್ಲ ಎಂಬ ಸುಳಿವು ಸಿಕ್ಕಿದ್ದು ಹೀಗೆ.

ಆದರೆ ಎಲ್ಲರಿಗೂ ಒಂದೇ ಫಲ ಇಲ್ಲ. ಯೂಟಾದಲ್ಲೇ ಮೊದಲು ಸಕ್ಕರೆ ಕಾಯಿಲೆ ಇದ್ದವರಲ್ಲಿ 2 ವರ್ಷಕ್ಕೆ 75% ಜನ ಅದರಿಂದ ಬಿಡುಗಡೆ ಪಡೆದಿದ್ದರು. 12 ವರ್ಷಕ್ಕೆ 51%.

ಅಕ್ಕನಿಗೂ ಐದು ವರ್ಷದಲ್ಲಿ ಆರು ಕೆ.ಜಿ. ವಾಪಸ್ ಬಂದಿದೆ. ಅದಕ್ಕೆ ನಾಚಿಕೊಳ್ಳುತ್ತಾಳೆ. ಯೂಟಾದ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ, "ರಾಗಿಯಲ್ಲೇ ಕ್ಯಾಲ್ಸಿಯಂ ಇದೆಯಲ್ಲೋ, ಮಾತ್ರೆ ಬಿಡಬಹುದಾ?" ಅಂದಳು. ರಾಗಿಯಲ್ಲಿ ಇರುವುದು ನಿಜ. ಆದರೆ ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಚೆನ್ನಾಗಿ ಹೀರುವುದು ಕರುಳಿನ ಆ ಮೊದಲ ಭಾಗವೇ, ಊಟ ಈಗ ಅಲ್ಲಿ ಹಾಯುವುದೇ ಇಲ್ಲ. ಬಿ12 ಕೂಡ ಸರಿಯಾಗಿ ಸೇರುವುದಿಲ್ಲ. "ಮಾತ್ರೆ ಜೀವನಪೂರ್ತಿ ಅಕ್ಕ, ವರ್ಷಕ್ಕೊಮ್ಮೆ ರಕ್ತಪರೀಕ್ಷೆನೂ" ಅಂದೆ.